ಮೀಟರಿನ ಮುಳ್ಳು

ಅರವತ್ತೆರಡನೇ ಇಸವಿಯಲ್ಲಿ ನಾನು ಬಂಗಾರಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದೆ. ಕೋರಮಂಡಲ್‌ನ ಚಿನ್ನದ ಗಣಿ ಕಾಲೊನಿಯಿಂದ ಗಂಗರತ್ನಮ್ಮ ಹೇಳಿ ಕಳಿಸಿದರು. ಅವರ ಗಂಡ ಕುಸಿದ ಗಣಿಯೊಳಗೆ ಸಿಕ್ಕಿಬಿದ್ದಿದ್ದ. ಯಾರಿಗೂ ಆಸೆ ಉಳಿದಿರಲಿಲ್ಲ.

ಮನೆಗೆ ಹೋದಾಗ, ಗಂಡನೇ ಜೋಡಿಸಿದ್ದ ಆಂಪ್ಲಿಫೈಯರ್, ಸ್ಪೀಕರ್ ತೋರಿಸಿ, "ಸ್ಪೀಕರಲ್ಲಿ ಅವ್ರ ಉಸಿರು ಕೇಳ್ತೈತಪ್ಪಾ. ಒಸಿ ಜೋರು ಮಾಡು," ಎಂದರು.

ಸ್ಪೀಕರಿಗೆ ಎಷ್ಟು ಪವರ್ ಹೋಗುತ್ತಿದೆಯೆಂದು ನೋಡಲು ಮೀಟರ್ ಹಚ್ಚಿದೆ. ಮುಳ್ಳು ನಿಧಾನವಾಗಿ ಏರಿ ಇಳಿಯಿತು. ಆಂಪ್ಲಿಫೈಯರ್ ಆರಿಸಿ, ಅದರ ತಂತಿಯನ್ನೂ ಬಿಚ್ಚಿದೆ. ಬರೀ ಸ್ಪೀಕರಿನ ಮೇಲೂ ಮುಳ್ಳು ಹಾಗೆಯೇ ಆಡುತ್ತಿತ್ತು. ಸ್ಪೀಕರಿನ ಅದುರುವ ಕಾಗದ ಮುಟ್ಟಿದರೆ ಒದ್ದೆಯಾಗಿ ತಣ್ಣಗಿತ್ತು.

"ಜೋರಾಯ್ತದಾ?"

"ಪವರ್ ನಾವು ಕೊಡ್ತಿಲ್ಲಮ್ಮ, ಸ್ಪೀಕರಿಂದ್ಲೇ ಬತ್ತೈತೆ. ಜೋರು ಮಾಡಾಕಾಗಲ್ಲ."

ಅವರು ಸ್ಪೀಕರನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಮುಳ್ಳಿನ ಏರಿಳಿತ ಕಡಿಮೆಯಾಗುತ್ತಾ ಸಂಜೆಗೆ ನಿಂತುಹೋಯಿತು.

ಮರುದಿನ ಹೆಣ ಮೇಲೆ ಬಂತು. ಜೀವ ಹೋಗಿದ್ದು ನಿನ್ನೆ ಸಂಜೆ ಎಂದರು ಡಾಕ್ಟರು.