ಬಲಗಿವಿಗೆ ಇಟ್ಟ ಮಾತು

ಜೋಗೇಶ್ವರಿಯಿಂದ ಬೊರಿವಲಿವರೆಗೆ ನಮ್ಮ ನಿಶಾತಳ ಹಾಡು ಕೇಳದ ಕಿವಿಯೇ ಇಲ್ಲ. ಲೋಕಲ್ ಟ್ರೇನು ಕೂಡ ಅವಳ ತಾಳಕ್ಕೇ ಓಡುತ್ತದೆ.

ಸರಿ, ಹಾಗೆ ನೋಡಬೇಡಿ. ಅರ್ಧ ಸುಳ್ಳು. ಕೇಳುವವರು ಹನ್ನೊಂದೇ ಜನ, ಅದರಲ್ಲಿ ಇಬ್ಬರು ಅವಳೇ, ಬೇರೆ ಬೇರೆ ಫೋನಿನಿಂದ. ಆದರೆ ಉಳಿದವರಲ್ಲಿ ಒಬ್ಬ ಇದ್ದನಲ್ಲ, ಅವನೊಬ್ಬನೇ ಹನ್ನೊಂದು ಲಕ್ಷಕ್ಕೆ ಸಮ.

ಆ ಮಹಾಶಯ ಅವಳೆದುರು ಮೊದಲ ಸಲ ಬಾಯಿ ತೆರೆದದ್ದು ಸಯನ್‌ನಲ್ಲಿ, ಹದಿನೆಂಟು ಜನರ ಮುಂದೆ.

"ಮಷೀನ ಅದಾವ್ರಿ, ಮನುಷ್ಯಾರ ಇಲ್ಲ," ಅಂದ. "ಇದು ಅರ್ಧಾ ಹಾಡ."

ನಿಶಾತ ಗಕ್ಕನೆ ತಿರುಗಿ ನೋಡಿದಳು. ಇವನು... ಇವನೇ ಹೀಗೆ ಅನ್ನುವುದೇ?

ಅವಳ ಅಬ್ಬಾ ಫಕ್ರುದ್ದೀನ ವಿಜಯಪುರದ ಕಡೆಯವರು. ಜೋಗೇಶ್ವರಿಯಲ್ಲಿ ಬ್ಯಾಗಿನ ಬಕಲ್ ಒತ್ತುವ ಸಣ್ಣ ಕಾರ್ಖಾನೆ ಅವರದು. ಅಲ್ಲಿನ ಮಷೀನಿನ ಸದ್ದನ್ನು ಮಗಳು ಫೋನಿನಲ್ಲಿ ಹಿಡಿದು, ಹಳೆಯ ಲ್ಯಾಪ್‌ಟಾಪಿನಲ್ಲಿ ಎಳೆದು, ಕತ್ತರಿಸಿ, ಅಂಟಿಸಿ, ಇಂಟರ್‌ನೆಟ್ಟಿಗೆ ಹಾಕುತ್ತಿದ್ದಳು. ಅದರಲ್ಲಿ ರಾಗವಿಲ್ಲ, ಸಾಹಿತ್ಯವಿಲ್ಲ. ನೆಗಡಿಯಾದ ಮಿಕ್ಸಿ ನಿದ್ದೆಯಲ್ಲಿ ಮಾತಾಡಿದ ಹಾಗೆ ಕೇಳಿಸುತ್ತಿತ್ತು. ಅಮ್ಮಿ ಅಮೀರುನ್ನೀಸಾ ಜೋಳದ ರೊಟ್ಟಿ ಬಡಿಯುವ ಸದ್ದನ್ನೂ ಬಿಟ್ಟಿರಲಿಲ್ಲ.

"ನಾ ರೊಟ್ಟಿ ಬಡಿಯೂದನ್ನ ಹಾಡ ಅಂತ ಯಾಂವ ಕೇಳ್ತಾನ ಬೇಟಿ?" ಎಂದು ಅಮ್ಮಿ ನಗುತ್ತಿದ್ದಳು.

ಕೇಳುವವನು ಬೊರಿವಲಿಯಲ್ಲಿದ್ದ. ಹೆಸರು ಇಜಾಜ, ಕೆಲಸ ಲಿಫ್ಟ್ ರಿಪೇರಿ. ಫೋನನ್ನು ಮೇಜಿನ ಮೇಲಿಟ್ಟು, ಪ್ರತಿ ಹಾಡನ್ನೂ ಕೇಳಿ, ಮರುದಿನವೇ ಬರೆಯುತ್ತಿದ್ದ. ಎರಡನೇ ನಿಮಿಷದಲ್ಲಿ ಲಿಫ್ಟು ಎರಡು ಮಹಡಿಗಳ ನಡುವೆ ನಿಂತ ಹಾಗೆ ಉಸಿರು ಸಿಕ್ಕಿಕೊಂಡಿತು, ಆ ಜಾಗ ಮಾತ್ರ ತೆಗೆಯಬೇಡಿ, ಎಂದು ಒಮ್ಮೆ ಬರೆದಿದ್ದ. ನಿಶಾತ ಅದನ್ನು ನೂರು ಸಲ ಓದಿದ್ದಳು. ನೂರೇನು, ಸಾವಿರ ಎನ್ನಿ.

ಏಳು ತಿಂಗಳು ಹೀಗೆ ನಡೆಯಿತು. ಮುಖ ನೋಡದ ಮನುಷ್ಯನ ಮೇಲೆ ಮನಸ್ಸು ಯಾವಾಗ ಹೋಯಿತೋ, ಅವಳಿಗೇ ತಿಳಿಯಲಿಲ್ಲ.

ಸಯನ್‌ನಲ್ಲಿ ಇಂಥ ಹಾಡು ಮಾಡುವವರೂ ಕೇಳುವವರೂ ತಿಂಗಳಿಗೊಮ್ಮೆ ಸೇರುತ್ತಿದ್ದರು. ನಡೆಸುವವಳು ಉಡುಪಿಯ ಜ್ಯೋತ್ಸ್ನಾ, ಜಾಗ ಅವಳ ಅಪ್ಪನ ಹೋಟೆಲಿನ ಮಾಳಿಗೆ. ಆಸ್ಪತ್ರೆ ಹತ್ತಿರವಾದ್ದರಿಂದ ಸ್ಪೀಕರ್ ಹಾಕುವಂತಿಲ್ಲ, ಎಲ್ಲರ ತಲೆಗೂ ಒಂದೊಂದು ಹೆಡ್‌ಫೋನು. ಇನ್ನೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು. ಕೇಳಿದವರೆಲ್ಲ ಅಭಿಪ್ರಾಯ ಹೇಳಿ ಮುಗಿಸುವ ತನಕ ಹಾಡು ಮಾಡಿದವರು ತುಟಿ ಬಿಚ್ಚಬಾರದು.

ಇಜಾಜ ಬರುತ್ತಾನೆಂದು ತಿಳಿದು ನಿಶಾತ ಹೊಸ ಹಾಡೊಂದನ್ನು ಕಟ್ಟಿದ್ದಳು. ಎಡಗಿವಿಗೆ ಮಷೀನು. ಬಲಗಿವಿಗೆ, ಮೊದಲ ಬಾರಿಗೆ, ಅವಳದೇ ದನಿ... ಮೆಲ್ಲಗೆ ಸ್ಟೇಷನ್ನುಗಳ ಹೆಸರು. ಜೋಗೇಶ್ವರಿ, ರಾಮ ಮಂದಿರ, ಗೋರೆಗಾಂವ್, ಮಲಾಡ್, ಕಾಂದಿವಲಿ, ಬೊರಿವಲಿ. ಕೊನೆಗೆ ಒಂದೇ ಪ್ರಶ್ನೆ: "ಇಳಿಯಲಾ?"

ಇದಕ್ಕಿಂತ ಬಿಡಿಸಿ ಒಬ್ಬ ಹೆಣ್ಣುಮಗಳು ಹೇಗೆ ಹೇಳಬೇಕು?

ಅದನ್ನು ಕೇಳಿ, ಹೆಸರು ಹೇಳಿಕೊಂಡು, ಮೊದಲು ಎದ್ದು ನಿಂತವನು ಅವನೇ. ಮನುಷ್ಯರೇ ಇಲ್ಲವಂತೆ! ಬೇಡ ಅನ್ನುವುದಕ್ಕೆ ಇದೂ ಒಂದು ರೀತಿಯೇ? ಉಳಿದವರು ಬಾಯಿ ತೆರೆಯುವ ಮೊದಲೇ ನಿಶಾತ ಮೆಟ್ಟಿಲಿಳಿದು ಓಡಿದಳು.

ತಾನೇನು ತಪ್ಪು ಮಾತಾಡಿದೆ ಎಂದು ಅವನು ಹದಿನಾಲ್ಕು ಮೆಸೇಜು ಕಳಿಸಿದ. ಅವಳು ಒಂದನ್ನೂ ತೆರೆಯಲಿಲ್ಲ. ಹಾಡುಗಳನ್ನೆಲ್ಲ ಅಳಿಸಿಬಿಡುತ್ತೇನೆಂದು ಜ್ಯೋತ್ಸ್ನಾಗೆ ಫೋನು ಮಾಡಿದಾಗ, ಅಳಿಸುವುದಾದರೆ ಎದುರಿಗೆ ಬಂದು ಹೇಳಿ ಹೋಗು ಎಂದು ಅವಳು ಹಟ ಹಿಡಿದಳು.

ಮುಂದಿನ ತಿಂಗಳು ನಿಶಾತ ಹೋದಳು. ಕೆಳಗೆ ಹೋಟೆಲಿನಲ್ಲಿ ಇಜಾಜ ಇಡ್ಲಿ ಮುಂದಿಟ್ಟುಕೊಂಡು ಕೂತಿದ್ದ. ಅವಳು ಅವನ ಬಲಗಡೆ ಬಂದು ನಿಂತು, ನೆಲ ನೋಡುತ್ತ ಹೇಳಿದಳು.

"ಸುನಿಯೇ. ಇವತ್ತು ಎಲ್ಲಾ ಹಾಡು ತೆಗಿತೀನಿ. ಬಸ್, ಸಾಕು."

ಅವನು ಇಡ್ಲಿಯನ್ನು ಸಾಂಬಾರಿನಲ್ಲಿ ಅದ್ದುತ್ತಲೇ ಇದ್ದ.

ಇಷ್ಟು ಸೊಕ್ಕೇ? ಅವಳ ಕಣ್ಣು ತುಂಬಿತು. ಇನ್ನೊಮ್ಮೆ ಹೇಳಿದಳು. ಊಹೂಂ.

ಚಹಾ ತಂದ ಮುದುಕ ಸಪ್ಲೈಯರ್ ಕೊರಗ ಅವಳ ಮುಖ ನೋಡಿ ನಿಂತ.

"ಆ ಬದಿಯಿಂದ ಕರೆದ್ರೆ ಅವ್ರಿಗೆ ಕೇಳುದಿಲ್ಲ ಮಗಾ. ಆಸ್ಪತ್ರೆಯ ಲಿಫ್ಟಿಗೆ ಬಂದಾಗೆಲ್ಲ ಇಲ್ಲೇ ತಿಂಡಿ, ನಾನು ಯಾವಾಗ್ಲೂ ಎಡಬದಿಯಿಂದಲೇ ಏನು ಬೇಕು ಅಂತ ಕೇಳುದು."

ನಿಶಾತಳಿಗೆ ಹಾಡಿನಲ್ಲಿ ತನ್ನ ದನಿ ಇಟ್ಟ ಕಡೆ ನೆನಪಾಯಿತು. ಬಲಗಿವಿ... ಯಾ ಅಲ್ಲಾ, ಬಲಗಿವಿ.

ಆಗಲೇ ತಲೆಯೆತ್ತಿದ ಇಜಾಜ ಅವಳನ್ನು ಕಂಡು ಧಡಕ್ಕನೆ ಎದ್ದ. ಅವಳು ಅವನನ್ನು ಮಾಳಿಗೆಗೆ ಕರೆದುಕೊಂಡು ಹೋಗಿ, ಹೆಡ್‌ಫೋನನ್ನು ಎಡಬಲ ಅದಲುಬದಲು ಮಾಡಿ ಅವನ ತಲೆಗೆ ಹಾಕಿ, ಅದೇ ಹಾಡು ಹಚ್ಚಿದಳು.

ಅವನು ಕಣ್ಣು ಮುಚ್ಚಿದ. ಮಲಾಡ್ ಹೊತ್ತಿಗೆ ಅವನೂ ಸ್ಟೇಷನ್ನುಗಳ ಹೆಸರು ಹೇಳತೊಡಗಿದ್ದ. ಹಾಡು ಮುಗಿದ ಮೇಲೂ ಹೆಡ್‌ಫೋನು ತೆಗೆಯಲಿಲ್ಲ, ಅವಳೇ ತೆಗೆದಳು.

"ಅವತ್ತೂ ಇದು ಇತ್ತೇನ್ರಿ?"

"ಇತ್ತು."

ಸಣ್ಣವನಿದ್ದಾಗ ಜ್ವರ ಬಂದು ಆ ಕಿವಿ ಹೋಯಿತೆಂದೂ, ಅದನ್ನು ಕೇಳಿ ಎರಡು ಕಡೆಯ ಹೆಣ್ಣಿನವರು ಹಿಂದೆ ಸರಿದ ಮೇಲೆ ಯಾರಿಗೂ ಹೇಳುವುದನ್ನೇ ಬಿಟ್ಟೆನೆಂದೂ ಅವನು ತಡವರಿಸುತ್ತ ಹೇಳಿದ.

"ಏಳ ತಿಂಗಳಿಂದ ಆ ಮಷೀನಿನ ಹಿಂದ ನೀವ ಅದೀರಿ ಅನಸ್ತಿತ್ರಿ. ಅವತ್ತ ಹುಡುಕಿದೆ, ಸಿಗಲಿಲ್ಲ. ಅದಕ್ಕ ಹಂಗಂದೆ." ಅವನ ದನಿ ಸಣ್ಣದಾಯಿತು. "ಹಾಡ ಪೂರಾ ಇತ್ತು. ಕೇಳಾಂವನ ಅರ್ಧಾ ಇದ್ದ. ಇಷ್ಟ ತಿಳದ ಮ್ಯಾಲೂ... ನಿಮ್ಮ ಅಬ್ಬಾನ ಹತ್ರ ನಮ್ಮವರನ್ನ ಕಳಸ್ಲೇನ್ರಿ?"

ನಿಶಾತ ಅವನು ಕೂತ ಕುರ್ಚಿ ಸುತ್ತಿ ಎಡಗಡೆಗೆ ಬಂದಳು, ದುಪಟ್ಟಾ ಸರಿಮಾಡಿಕೊಂಡು ಬಗ್ಗಿದಳು, ಪಿಸುದನಿಯಲ್ಲಿ ಏನೋ ಅಂದಳು. ಲಿಫ್ಟು ರಿಪೇರಿ ಮಾಡುವ ಅಷ್ಟು ದೊಡ್ಡ ಗಂಡಸು ಕುತ್ತಿಗೆವರೆಗೆ ಕೆಂಪಾಗಿ, ನಕ್ಕು, ಕಣ್ಣೊರೆಸಿಕೊಂಡ.

ಏನಂದಳು? ಅದನ್ನೂ ನಾನೇ ಹೇಳಬೇಕೇ? ನೀವೂ ಒಂದು ಕಾಲಕ್ಕೆ ಯಾರದೋ ಕಿವಿ ಹುಡುಕಿಕೊಂಡು ಹೋದವರೇ ಅಲ್ಲವೇ... ಊಹಿಸಿ ನೋಡೋಣ.