ಕಂಟಕೇಶಿಯ ಚುಕ್ಕಿ ಕಂಬಳಿ

ಹಿಂದೆ, ನಮ್ಮ ಮುತ್ತಜ್ಜಿಯ ಮುತ್ತಜ್ಜಿಗೂ ಹಲ್ಲು ಗಟ್ಟಿಯಿದ್ದ ಕಾಲದಲ್ಲಿ, ಹೊಂಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದ ಬಣ್ಣಗಾರರ ಕೇರಿಯಲ್ಲಿ ಭರಮಣ್ಣ, ಪಾರವ್ವ ಎಂಬ ಅಣ್ಣ ತಂಗಿ ಇದ್ದರು. ಅಪ್ಪ ಅವ್ವ ತೀರಿಹೋಗಿದ್ದರು. ಅಣ್ಣ ನೂಲಿಗೆ ಬಣ್ಣ ಹಾಕುತ್ತಿದ್ದ, ತಂಗಿ ಅದನ್ನು ಒಣಗಿಸುತ್ತಿದ್ದಳು.

ಆ ಕೇರಿಯಲ್ಲಿ ಒಂದು ಪದ್ಧತಿ. ಹದಿನೇಳು ತುಂಬಿದವರು ಕೇರಿಯ ಹಿರಿಯ ಚೌಡಜ್ಜನ ಮುಂದೆ ಕೂತು ಚುಕ್ಕಿ ತಟ್ಟೆ ನೋಡಬೇಕು. ಬಣ್ಣ ಬಳಿದ ಜೋಳದ ಕಾಳುಗಳನ್ನು ತಟ್ಟೆಗೆ ಒತ್ತೊತ್ತಾಗಿ ಅಂಟಿಸಿ, ಒಂದು ಬಣ್ಣದ ಕಾಳಿನ ನಡುವೆ ಇನ್ನೊಂದು ಬಣ್ಣದ ಕಾಳಿನಿಂದ ಚಿತ್ರ ಮಾಡಿರುತ್ತಿದ್ದರು. ಚಿತ್ರ ಗುರುತಿಸಿದವರಿಗೆ ಮಾತ್ರ ಬಣ್ಣದ ಹಂಡೆಗೆ ಕೈ ಹಾಕುವ ಹಕ್ಕು.

ಪಾರವ್ವ ಕೂತಳು. ಮೊದಲ ತಟ್ಟೆ, ಹಳದಿಯ ನಡುವೆ ನೀಲಿ. "ದೀಪ" ಅಂದಳು ಥಟ್ಟನೆ. ಎರಡನೆಯದು ಕಡುಹಸಿರಿನ ನಡುವೆ ಕಡುಗೆಂಪು. ಬಿಸಿಲಿಗೆ ಹಿಡಿದು, ತಡವರಿಸಿ, "ಮೀನು ಇರಬೇಕು" ಅಂದಳು. ಮೂರನೆಯದು ತಿಳಿಹಸಿರಿನ ನಡುವೆ ತಿಳಿಗೆಂಪು. ನೋಡಿದಳು, ನೋಡಿದಳು, ನೋಡೇ ನೋಡಿದಳು.

"ಅಜ್ಜಾ, ಇದ್ರಲ್ಲಿ ಬರೀ ಜೋಳ ಐತೆ."

"ಆನೆ ಐತೆ ಕಣವ್ವ."

ಸುತ್ತ ನಿಂತವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆನೆಯಂಥ ಆನೆಯೇ ಕಾಣಲಿಲ್ಲವಂತೆ! ಚೌಡಜ್ಜ ಗದರಿದ. "ಬಾಯಿ ಮುಚ್ಚ್ರೋ! ಹುಡುಗಿ ಕುರುಡಿಯಲ್ಲ. ಕೆಂಪು, ಹಸಿರು ಎರಡೂ ಅವಳ ಕಣ್ಣಿಗೆ ಹತ್ತಿರ ಹತ್ತಿರ ಕಾಣ್ತಾವೆ, ಅಷ್ಟೇ. ಹುಟ್ಟಿನಿಂದ ಬಂದದ್ದು, ಯಾರ ತಪ್ಪೂ ಅಲ್ಲ." ಆದರೂ ಪದ್ಧತಿ ಪದ್ಧತಿಯೇ. ಪಾರವ್ವನಿಗೆ ಹಂಡೆ ತಪ್ಪಿತು.

ಅಂದಿನಿಂದ ದಾರಿಯಲ್ಲಿ ಸಿಕ್ಕವರದೆಲ್ಲ ಒಂದೇ ಆಟ. "ಏ ಪಾರಿ, ಈ ಸೀರೆ ಯಾವ ಬಣ್ಣ? ಈ ಮೆಣಸಿನಕಾಯಿ ಹಣ್ಣೋ ಕಾಯೋ?" ಪಾಪ, ಅವಳು ನಗುನಗುತ್ತಲೇ ಹೇಳುತ್ತಿದ್ದಳು. ಮನೆಗೆ ಬಂದು ಅಳುತ್ತಿದ್ದಳು. ಕೇಳುವವರಿಗೆ ಒಂದು ಸಲದ ತಮಾಷೆ, ಹೇಳುವವಳಿಗೆ ದಿನಾ ನೂರು ಸಲ! ಭರಮಣ್ಣ ಒಬ್ಬನೇ ಯಾವತ್ತೂ ಕೇಳಲಿಲ್ಲ.

ಆ ರಾಜ್ಯದ ಬೆಟ್ಟದಲ್ಲಿ ಕಂಟಕೇಶಿ ಎಂಬ ಮಾಯಾವಿ ಇದ್ದ. ಅವನನ್ನು ಕಣ್ಣಾರೆ ನೋಡಿ ಯಾರಾದರೂ "ಕಂಡೆ" ಅಂದರೆ ಸಾಕು, ಅವನ ಮಾಯೆಯೆಲ್ಲ ಮಣ್ಣುಪಾಲು. ಅದಕ್ಕೆ ಅವನು ಬೆಟ್ಟದ ಕಾಡಿಗೆಲ್ಲ ತಿಳಿಗೆಂಪು ತಿಳಿಹಸಿರು ಎಲೆ ಬೆರೆಸಿ ಚಿಗುರಿಸಿದ. ಭರಮಣ್ಣನನ್ನು ಹೊತ್ತೊಯ್ದು, ಹೆದರಿಸಿ, ಅದೇ ಬಣ್ಣಗಳ ಚುಕ್ಕಿ ಕಂಬಳಿ ಮಾಡಿಸಿ, ಹೊದ್ದು ಎಲೆಗಳ ನಡುವೆ ಕಾಣದಂತಾದ. ಗುಟ್ಟು ಹೊರಬೀಳಬಾರದೆಂದು ಅವನನ್ನು ಹೋತ ಮಾಡಿ ಮರಕ್ಕೆ ಕಟ್ಟಿದ. "ಮೂರನೇ ದಿನ ಹೊತ್ತು ಮುಳುಗುವುದರೊಳಗೆ ಬಿಡಿಸದಿದ್ದರೆ ಇವನು ಜನ್ಮವಿಡೀ ಹೋತ!" ಎಂದು ಸೊಕ್ಕಿನಿಂದ ಊರಿಗೆ ಕೇಳುವಂತೆ ಕೂಗಿದ.

ರಾಜನ ಸೈನ್ಯ ಹೋಯಿತು. ಕಾಣದ ಕೋಲಿನಿಂದ ಏಟು ತಿಂದು ಎರಡೇ ದಿನಕ್ಕೆ ಓಡಿ ಬಂತು. ಮೂರನೇ ದಿನ ಪಾರವ್ವ ಸೆರಗು ಬಿಗಿದು ಹೊರಟಳು. ದಳವಾಯಿ ಬೊಮ್ಮನಾಯಕ ನಾಚಿಕೆಯಾಗಿ ತಾನೂ ಹಿಂದೆ ಹೊರಟ.

ಕಾಡಿನ ಬಾಯಲ್ಲಿ ಪಾರವ್ವ ಗಕ್ಕನೆ ನಿಂತಳು. "ದಳವಾಯಿಗಳೇ, ಹೆಬ್ಬಾವು ಮಲಗೈತೆ, ನೋಡ್ಕೊಂಡು."

"ಎಲ್ಲವ್ವಾ? ಬರೀ ಎಲೆ ಕಾಣ್ತಾವೆ!"

"ಅಯ್ಯೋ, ನಿಮ್ಮ ಕಾಲ ಹತ್ರಾನೇ!" ಎಂದು ಅವನ ಕೈಹಿಡಿದು ದಾಟಿಸಿದಳು. ಸೈನಿಕನಾಗಿ ಹಾವೂ ಕಾಣುವುದಿಲ್ಲವಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಮುಂದೆ ಮಡು. ಮಡುವಿನಲ್ಲಿ ಕಲ್ಲುಗಳು. ಒಂದು ಮೊಸಳೆ ತಲೆಯೆತ್ತಿ ಮಾತಾಡಿತು. "ತಿಳಿಗೆಂಪು ಕಲ್ಲು ತುಳಿದರೆ ಆಚೆ ದಡ. ತಿಳಿಹಸಿರು ತುಳಿದರೆ ನನ್ನ ಹೊಟ್ಟೆ."

ಪಾರವ್ವ ಬಗ್ಗಿ ನೋಡಿದಳು. ಅವಳಿಗೆ ಎಲ್ಲ ಕಲ್ಲೂ ಒಂದೇ. ಹೇಳಿದರೆ ಇವನೂ ನಗುತ್ತಾನೆ, ಹೇಳದಿದ್ದರೆ ಅಣ್ಣ ಹೋತ. ಕೊನೆಗೆ ಅಂದಳು, "ದಳವಾಯಿಗಳೇ, ನನಗೆ ಕೆಂಪು ಹಸಿರು ಸರಿಯಾಗಿ ತಿಳಿಯಲ್ಲ. ನೀವು ಹೇಳ್ತೀರಾ?"

ಬೊಮ್ಮನಾಯಕ ನಗಲಿಲ್ಲ. "ಅದಕ್ಕೇನವ್ವ? ಎಡಗಡೇದು ತುಳಿ. ಈಗ ಮುಂದಿನದು. ಅದಲ್ಲ, ಅದರ ಪಕ್ಕದ್ದು" ಎಂದು ಒಂದೊಂದೇ ಹೇಳುತ್ತಾ ದಾಟಿಸಿ, ತಾನೂ ದಾಟಿದ. ಮೊಸಳೆ ಮುಖ ಸಪ್ಪಗೆ ಮಾಡಿಕೊಂಡು ಮುಳುಗಿತು.

ಆಚೆ ದಡದಲ್ಲಿ ಮರಕ್ಕೆ ಕಟ್ಟಿದ ಹೋತ. ಹೊತ್ತು ಮುಳುಗಲು ಗೇಣುದ್ದ ಬಾಕಿ. ಬೊಮ್ಮನಾಯಕ ಹಗ್ಗಕ್ಕೆ ಕೈಹಾಕಿದ್ದೇ ತಡ, ಬೆನ್ನಿಗೆ ರಪ್ಪನೆ ಏಟು ಬಿತ್ತು. ಅವನು ಗಾಳಿಗೆ ಕತ್ತಿ ಬೀಸತೊಡಗಿದ.

ಪಾರವ್ವನಿಗೆ ಸಿಟ್ಟು ನೆತ್ತಿಗೇರಿತು. "ಏ ಮುದುಕ! ಅವರನ್ನ ಯಾಕೆ ಹೊಡೀತೀಯ?"

"ಯಾವ ಮುದುಕನವ್ವಾ?" ಬೊಮ್ಮನಾಯಕ ಸುತ್ತಲೂ ನೋಡಿದ.

"ನಿಮ್ಮ ಬೆನ್ನಿಗೇ ನಿಂತಾನಲ್ಲ, ಕಂಬಳಿ ಹೊದ್ಕೊಂಡು, ಮೂಗು ಕೆರ್ಕೊಂಡು!"

ಕಂಟಕೇಶಿಯ ಕೈಯಿಂದ ಕೋಲು ಜಾರಿತು. "ನಾ... ನಾನು ನಿನಗೆ ಕಾಣ್ತೀನಾ?"

"ಕಾಣದೇ ಏನು? ಕಂಡೆ!"

ಉಳಿದವರ ಕಣ್ಣೆಲ್ಲ ಕೆಂಪಿನಲ್ಲಿ, ಹಸಿರಿನಲ್ಲಿ ಸಿಕ್ಕಿಬಿದ್ದು ಮನುಷ್ಯನನ್ನೇ ಕಾಣದೆ ಹೋಗಿದ್ದವು. ಪಾರವ್ವನಿಗೆ ಆ ಚುಕ್ಕಿಗಳು ಲೆಕ್ಕಕ್ಕೇ ಇರಲಿಲ್ಲ, ಆಕಾರ ಮಾತ್ರ ಕಂಡಿತ್ತು. ಕಂಬಳಿ ಭಗ್ಗನೆ ಉರಿದು ಬೂದಿಯಾಯಿತು. ಕಂಟಕೇಶಿ ಧೂಳಾಗಿ ಗಾಳಿಗೆ ಹಾರಿಹೋದ.

ಹೋತ ಎದ್ದು ಭರಮಣ್ಣನಾಯಿತು. ಬಾಯಲ್ಲಿ ಇನ್ನೂ ಸೊಪ್ಪಿತ್ತು. ಅದನ್ನು ಉಗಿದು ತಂಗಿಯನ್ನು ಅಪ್ಪಿಕೊಂಡ. ಇಬ್ಬರೂ ಗೋಳೋ ಎಂದು ಅತ್ತರು, ಬೊಮ್ಮನಾಯಕನೂ ಕಣ್ಣೊರೆಸಿಕೊಂಡ.

"ಯಾರಿಗೂ ಕಾಣದೋನು ನಿನಗೆ ಹೆಂಗೆ ಕಂಡ್ನೇ, ಪಾರೀ?"

"ನನ್ನ ಕಣ್ಣು ಇರೋದೇ ಹಂಗಣ್ಣ" ಅಂದಳು ಪಾರವ್ವ. ಹಾಗೆ ಅನ್ನುವಾಗ ಅವಳಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ.

ಆಮೇಲೆ ಹೊಂಗಿರಿಯ ಜನ ಉಂಡುಟ್ಟು ನೂರು ಕಾಲ ಸುಖವಾಗಿದ್ದರು. ಹೇಳಿ ಹೇಳಿ ನನ್ನ ಗಂಟಲು ಒಣಗಿತು, ಏಳ್ರಿ, ಯಾರಾದರೂ ಒಂದು ಲೋಟ ನೀರು ಕೊಡಿ.