ಜೋಲಿಯ ಎರಡನೇ ಸ್ಪ್ರಿಂಗು

"ಅದನ್ನ ಬಿಚ್ಚಿ ಕೊಡ್ತೀರಾ?"

ಬಾಗಿಲಲ್ಲಿ ನಿಂತಿದ್ದ ಅಪರಿಚಿತ ಕೈ ಎತ್ತಿ ತೋರಿಸಿದ್ದು ತೊಲೆಯಿಂದ ಇಳಿಬಿದ್ದಿದ್ದ ಜೋಲಿಯ ಸ್ಪ್ರಿಂಗನ್ನು! ಜೋಲಿಯೊಳಗೆ ಎಂಟು ತಿಂಗಳ ಚೈತ್ರ ಮಲಗಿದ್ದಳು.

ಸಹನಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

ಗಂಡ ಲೋಕೇಶನ ಹನ್ನೊಂದನೇ ದಿನದ ಕಾರ್ಯ ನಿನ್ನೆಯಷ್ಟೇ ಮುಗಿದಿತ್ತು. ನೆಂಟರೆಲ್ಲ ಮೊದಲ ಬಸ್ಸಿಗೇ ಕ್ಯಾತನಹಳ್ಳಿ ಬಿಟ್ಟಿದ್ದರು. ಹಾಲು ಕರೆದಾಗಿತ್ತು. ಕುಕ್ಕರ್ ಕೂಗಿತ್ತು. ನಲ್ಲಿಯಲ್ಲಿ ನೀರೂ ಬಂದಿತ್ತು. ಎಲ್ಲ ದಿನದಂತೆ ಇದೂ ಒಂದು ದಿನ... ಅದನ್ನೇ ಅವಳಿಗೆ ತಡೆಯಲಾಗುತ್ತಿರಲಿಲ್ಲ. ಅಳು ಬರುತ್ತಿರಲಿಲ್ಲ. ಕೂರಲೂ ಆಗದೆ ಅಡುಗೆಮನೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಜಗಲಿಗೆ ಸುಮ್ಮನೆ ಅಲೆಯುತ್ತಿದ್ದಳು.

"ನಾನು ರಘುನಂದನ್. ಪಾಂಡವಪುರದ ಕಾಲೇಜಲ್ಲಿ ಲೋಕೇಶ್ ಜೊತೆ ಪಾಠ ಮಾಡ್ತಿದ್ದೆ. ಆ ಸ್ಪ್ರಿಂಗ್ ನಮ್ಮದು, ಅವರು ಇಸ್ಕೊಂಡಿದ್ರು..."

"ಅದಕ್ಕೆ? ಹನ್ನೊಂದು ದಿನ ಕಳೀಲಿ ಅಂತ ಕಾಯ್ತಿದ್ರಾ?"

"ಅಯ್ಯೋ, ಹಾಗಲ್ಲ ಮೇಡಂ! ಮಗು ಭಾರ..."

"ನನ್ನ ಮಗು ಭಾರ ನಾನು ನೋಡ್ಕೋತೀನಿ. ಹೊರಡಿ!"

ಬಾಗಿಲು ದಡ್ಡನೆ ಮುಚ್ಚಿತು.

ಬೈಕಿನ ಸದ್ದು ದೂರವಾದ ಮೇಲೆ ಹೊರಗೆ ಬಂದರೆ ಜಗಲಿಯ ಮೇಲೆ ಒಂದು ಬಟ್ಟೆ ಚೀಲ. ಅದರಲ್ಲಿ ಅಂಥದೇ ಇನ್ನೊಂದು ಸ್ಪ್ರಿಂಗು.

ಇದೇನು ವಿಚಿತ್ರ! ಕೇಳಲು ಬಂದವನು ಕೊಟ್ಟು ಹೋದನೇ?

ಜೋಲಿ ಜಗ್ಗಿ ನೆಲದಿಂದ ಗೇಣುದ್ದ ಮಾತ್ರ ಮೇಲಿದ್ದದ್ದನ್ನು ಅವಳು ಆಗಲೇ ಗಮನಿಸಿದ್ದು. ಹಳೆಯ ಸ್ಪ್ರಿಂಗಿನ ತುದಿಗೆ ಹೊಸದನ್ನು ಸಿಕ್ಕಿಸಿ, ಜೋಲಿ ಕಟ್ಟಿ, ಮಗುವನ್ನು ಮಲಗಿಸಿ ಕೈ ಬಿಟ್ಟಳು.

ಜೋಲಿ ನೇರ ನೆಲಕ್ಕೆ!

ಅತ್ತೆ ಮಂಚಮ್ಮ ಓಡಿಬಂದಳು. "ಅಯ್ಯೋ ನನ್ ಕಂದ! ಎಮ್ಮೆಸ್ಸಿ ಓದ್ಬುಟ್ಟು ಮಗೀನ ನೆಲಕ್ಕೆ ಕುಕ್ಬುಟ್ಟಲ್ಲವ್ವಾ!"

ಮಗುವಿಗೆ ಏನೂ ಆಗಿರಲಿಲ್ಲ. ಪಿಳಿಪಿಳಿ ಕಣ್ಣು ಬಿಡುತ್ತಿತ್ತು. ಸಹನ ಮಾತ್ರ ನಿಂತಲ್ಲೇ ನಿಂತಳು.

ಮೈಸೂರಿನಲ್ಲಿ ಫಿಸಿಕ್ಸ್ ಓದಿದವಳು ಅವಳು. ಒಂದರ ಕೆಳಗೊಂದು ಸಿಕ್ಕಿಸಿದರೆ ಎರಡು ಸ್ಪ್ರಿಂಗೂ ಪೂರ್ತಿ ಭಾರವನ್ನೇ ಹೊರುತ್ತವೆ, ಎರಡೂ ಜಗ್ಗುತ್ತವೆ. ಪಕ್ಕಪಕ್ಕ ಕಟ್ಟಿದರೆ ಭಾರ ಹಂಚಿಹೋಗುತ್ತದೆ, ಜಗ್ಗುವುದೂ ಅರ್ಧಕ್ಕಿಳಿಯುತ್ತದೆ. ಇಷ್ಟೂ ಮರೆತುಹೋಗಿತ್ತೇ?

ಹಾಗಾದರೆ... ಅವನು ಬಿಚ್ಚಿಕೊಡಿ ಅಂದದ್ದು ಎರಡನ್ನೂ ಜೋಡಿಯಾಗಿ ಕಟ್ಟಲು!

ಲೋಕೇಶನ ಫೋನಿನಲ್ಲಿ ಅವನ ನಂಬರು ಹುಡುಕಿ, ಕರೆ ಮಾಡಿ ಕ್ಷಮೆ ಕೇಳಿದಳು.

"ಕಾರ್ಯದ ದಿನ ನಾನೂ ಬಂದಿದ್ದೆ," ಎಂದ ಅವನು. "ಎಲ್ರೂ ಫೋಟೋ ನೋಡ್ತಿದ್ರು. ನನ್ನ ಕಣ್ಣು ಜೋಲಿ ಮೇಲೇ ಹೋಯ್ತು."

ಭಾನುವಾರ ಬಂದು ಜೋಲಿ ಕಟ್ಟಿಕೊಟ್ಟ. ಮತ್ತೊಂದು ಭಾನುವಾರವೂ ಬಂದ. ಮಂಚಮ್ಮ ಕಾಫಿ ಕೊಡುತ್ತಿದ್ದಳು, ಅವನು ಲೋಕೇಶನ ತಮಾಷೆಗಳನ್ನು ಹೇಳುತ್ತಿದ್ದ. ಅಲ್ಲಿಯವರೆಗೆ ಅತ್ತೆ ಕೊಟ್ಟಿಗೆಯಲ್ಲಿ ಅಳುತ್ತಿದ್ದಳು, ಸೊಸೆ ಮನೆಯೊಳಗೆ ಅಲೆಯುತ್ತಿದ್ದಳು. ಒಬ್ಬೊಬ್ಬರೂ ಪೂರ್ತಿ ದುಃಖವನ್ನೇ ಹೊತ್ತಿದ್ದರು. ಒಂದು ದಿನ ಮೂವರೂ ಒಟ್ಟಿಗೆ ನಕ್ಕರು. ಆಮೇಲೆ ಸಹನ ಮೊದಲ ಸಲ ಅತ್ತಳು.

ವರ್ಷ ತಿರುಗಿತು. ಚೈತ್ರ ನಡೆಯತೊಡಗಿದಳು, ಜೋಲಿ ಕೆಳಗಿಳಿಯಿತು.

"ಸಹನ ಅವರೇ, ಅತ್ತೇನ ಬಿಟ್ಟು ಬನ್ನಿ ಅನ್ನಲ್ಲ," ಎಂದ ರಘು ಒಂದು ಸಂಜೆ. "ನಾನೇ ಇಲ್ಲಿಗೆ ಬರ್ತೀನಿ. ಮದುವೆ ಆಗೋಣ್ವಾ?"

ಅವಳು ತಟ್ಟನೆ ಎದ್ದು ನಿಂತಳು.

"ಬೇಡ. ನನಗೆ ನಾನೇ ಸಾಕು."

ಅವನು ಬರುವುದು ನಿಂತಿತು. ಸಹನಳ ಅಲೆದಾಟ ಮತ್ತೆ ಶುರುವಾಯಿತು. ಗುಡಿಸಿದ್ದನ್ನೇ ಗುಡಿಸಿದಳು, ಮಡಿಸಿದ್ದನ್ನೇ ಮಡಿಸಿದಳು...

"ಆ ಮೇಷ್ಟ್ರು ಬಂದಾಗ ಒಂದ್ಗಳಿಗೆ ಕೂತ್ಕತಿದ್ದೆ," ಎಂದಳು ಮಂಚಮ್ಮ. "ಈಗ ನೋಡು, ನೆಲಾನೇ ಸವೆಸ್ತಾ ಇದ್ದೀಯ."

"ಜನ ಏನಂತಾರೆ ಅತ್ತೆ?"

"ಜನ ಬಂದು ಜೋಲಿ ತೂಗುದ್ರಾ? ನನ್ ಮಗ ಅಂತೂ ವೋದ. ನೀನು ಬದುಕಿದ್ದೂ ವೋಗ್ಬೇಡ ಕಣವ್ವ."

ಮಾರನೆಯ ಬೆಳಿಗ್ಗೆ ಸಹನ ಒಂದು ಸ್ಪ್ರಿಂಗನ್ನು ಒರೆಸಿ ಚೀಲಕ್ಕೆ ಹಾಕಿದಳು. "ಇಸ್ಕೊಂಡಿದ್ನ ಬರೀದಾಗಿ ಕೊಡಬಾರ್ದು," ಎಂದು ಮಂಚಮ್ಮ ಅದರ ಜೊತೆ ಒಂದಚ್ಚು ಬೆಲ್ಲ ಇಟ್ಟಳು.

ಕೆ.ಆರ್. ಪೇಟೆಯಲ್ಲಿ ಬಸ್ಸು ಬದಲಿಸಿ ರಘುವಿನ ಊರು ಕಿಕ್ಕೇರಿಯಲ್ಲಿ ಇಳಿದಳು. ರಘು ಮನೆಯ ಮುಂದೆ ಬೈಕ್ ತೊಳೆಯುತ್ತಿದ್ದ. ಚೀಲ ತೆರೆದು ನೋಡಿದವನ ಮುಖ ಕಂದಿತು.

"ವಾಪಸ್ ತಂದುಬಿಟ್ರಾ..."

"ಲೋಕೇಶ್ ಇಸ್ಕೊಂಡಿದ್ದು. ಕೊಡಬೇಕಿತ್ತು."

"ಇನ್ನೊಂದು?"

"ಅದು ನೀವಾಗಿ ತಂದಿದ್ದು." ಸಹನ ತಲೆಯೆತ್ತಿ ಅವನನ್ನು ನೋಡಿದಳು. "ಅದನ್ನ ಕೊಡಲ್ಲ."

ನಲ್ಲಿಯಿಂದ ನೀರು ಹರಿದುಹೋಗುತ್ತಲೇ ಇತ್ತು. ಅವನಿಗೆ ನಿಲ್ಲಿಸಲು ನೆನಪಾಗಲಿಲ್ಲ.

"ಇಟ್ಕೊಳ್ಳಿ... ಆದ್ರೆ ಕಟ್ಟೋವಾಗ ನನ್ನ ಕರೀಬೇಕು. ನಿಮ್ಮ ಫಿಸಿಕ್ಸ್ ಮೇಲೆ ನಂಬಿಕೆ ಇಲ್ಲ."

"ಕರೆಯೋಕೇ ಬಂದಿದ್ದೀನಿ, ರಘು."